ದಿನ ತುಂಬದ ಕೂಸು, ಕೇರಿಯ ಅವ್ವಂದಿರು

ಚಾಮರಾಜನಗರದ ಪೇಟೆಗೆ ಹೋದವರು ಜನನ ಮಂಟಪವನ್ನು ನೋಡಿರುತ್ತೀರಿ. ಅರಿಕುಠಾರ ಎಂದಿದ್ದ ಊರಿಗೆ ಚಾಮರಾಜನಗರ ಎಂಬ ಹೆಸರು ಬಂದದ್ದೇ ಒಂದು ಕೂಸಿನಿಂದ. ತಮ್ಮ ತಂದೆ ಚಾಮರಾಜ ಒಡೆಯರು ಹುಟ್ಟಿದ ಜಾಗ ಎಂದು ಮುಮ್ಮಡಿ ಕೃಷ್ಣರಾಜ ಒಡೆಯರು ಊರಿನ ಹೆಸರನ್ನೇ ಬದಲಿಸಿದರು. 1826ರಲ್ಲಿ ಚಾಮರಾಜೇಶ್ವರ ದೇವಸ್ಥಾನ ಕಟ್ಟಿಸಿದರು. ಅತ್ತ ಗುಂಡ್ಲುಪೇಟೆಯಲ್ಲಿ ಚಿಕ್ಕದೇವರಾಜ ಒಡೆಯರು ತಂದೆಯ ನೆನಪಿಗೆ ಕಟ್ಟಿಸಿದ ಪರವಾಸುದೇವ ದೇವಸ್ಥಾನ ಇದೆ. ಒಂದೂರಲ್ಲಿ ದೊರೆಯ ಹುಟ್ಟಿಗೆ ಕಲ್ಲು, ಇನ್ನೊಂದೂರಲ್ಲಿ ದೊರೆಯ ಅಪ್ಪನ ಸಾವಿಗೆ ಕಲ್ಲು. ಈ ಎರಡು ಊರುಗಳ ನಡುವೆ, ಹಾದಿಯ ಆಚೆ ಈಚೆ ಇರುವ ಕೇರಿಗಳಲ್ಲಿ, ಹಾಡಿಗಳಲ್ಲಿ, ಪೋಡುಗಳಲ್ಲಿ ಎಷ್ಟು ಕೂಸು ಹುಟ್ಟಿದವು, ಎಷ್ಟು ಕೂಸು ಕಣ್ಣು ಬಿಡುವ ಮೊದಲೇ ಮಣ್ಣಿಗೆ ಹೋದವು ಎಂಬುದಕ್ಕೆ ಕಲ್ಲಿಲ್ಲ, ಕಡತವಿಲ್ಲ.

ಚರಿತ್ರೆ ಎಂದರೆ ಯುದ್ಧ, ಪಟ್ಟ, ಶಾಸನ ಎಂದು ಶಾಲೆಯಲ್ಲಿ ಕಲಿತವರು ನಾವು. ಕೂಸನ್ನು ಬದುಕಿಸಿಕೊಂಡದ್ದೂ ಚರಿತ್ರೆಯೇ ಎಂದು ನಮಗೆ ಯಾರೂ ಹೇಳಲಿಲ್ಲ. ಅದರಲ್ಲೂ ದಿನ ತುಂಬುವ ಮೊದಲೇ ಹುಟ್ಟಿದ ಕೂಸು, ಅಂಗೈ ಅಗಲದ ಕೂಸು, ಅತ್ತರೆ ಬೆಕ್ಕಿನ ಮರಿಯ ಸದ್ದು ಬರುವ ಕೂಸು. ಅದನ್ನು ಆಸ್ಪತ್ರೆಯಿಂದ ಮನೆಗೆ ತಂದ ಮೇಲೆ ಯಾರು ಕಾದರು, ಆ ತಾಯಿಯ ಪಕ್ಕದಲ್ಲಿ ಯಾರು ಕೂತರು ಎಂಬುದು ಈ ಬರಹದ ಪ್ರಶ್ನೆ. ನೋಡಲಿಕ್ಕೆ ಇದು ಬಾಣಂತಿ ಕೋಣೆಯ ವಿಷಯ. ಬಗೆದು ನೋಡಿದರೆ ಜಾತಿಯ, ಕೂಲಿಯ, ಹೆಣ್ಣಿನ ದುಡಿಮೆಯ ವಿಷಯ.

1

ಹೆರಿಗೆ ಮಾಡಿಸುವ ಕೈ ನಮ್ಮ ನಾಡಿನಲ್ಲಿ ಬಹುತೇಕ ಶೂದ್ರರ, ದಲಿತರ, ಅಲೆಮಾರಿಗಳ ಹೆಂಗಸಿನ ಕೈ. ರಕ್ತ ಮೈಲಿಗೆ, ಮಾಸು ಮೈಲಿಗೆ, ಹೊಕ್ಕುಳ ಬಳ್ಳಿ ಮೈಲಿಗೆ. ಮೈಲಿಗೆಯ ಕೆಲಸಕ್ಕೆ ಮೈಲಿಗೆಯ ಜನ ಎಂದು ಶಾಸ್ತ್ರ ವಿಧಿಸಿತು. ಹಲವು ಊರುಗಳಲ್ಲಿ ಒಕ್ಕಲ ಮನೆಯ ಕೂಸನ್ನು ಮೊದಲು ಮುಟ್ಟಿದವಳು ಸೂಲಗಿತ್ತಿ. ಆ ಕೂಸು ದೊಡ್ಡದಾಗಿ ಗೌಡನಾದ ಮೇಲೆ ಅವಳನ್ನೇ ಅಂಗಳದಾಚೆ ನಿಲ್ಲಿಸಿದ. ಆದರೂ ಅವಳ ಕೈಯಲ್ಲಿ ವಿದ್ಯೆ ಇತ್ತು. ಪಾವಗಡದ ಸೂಲಗಿತ್ತಿ ನರಸಮ್ಮ ಅಲೆಮಾರಿ ಸಮುದಾಯದಲ್ಲಿ ಹುಟ್ಟಿ, ಅಕ್ಷರ ಕಲಿಯದೆ, 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದವರು. 2018ರಲ್ಲಿ ಪದ್ಮಶ್ರೀ ಕೊಟ್ಟರು. ಅದೇ ವರ್ಷ ಡಿಸೆಂಬರ್ 25ರಂದು ತೀರಿಕೊಂಡರು. ಒಬ್ಬ ನರಸಮ್ಮನಿಗೆ ದೆಹಲಿಯಲ್ಲಿ ಚಪ್ಪಾಳೆ ಸಿಕ್ಕಿತು. ಊರೂರಿನ ನೂರಾರು ನರಸಮ್ಮಂದಿರ ಹೆಸರೂ ನಮಗೆ ಗೊತ್ತಿಲ್ಲ.

ದಿನ ತುಂಬದ ಕೂಸಿಗೆ ಅವ್ವಂದಿರು ಮಾಡುತ್ತಿದ್ದುದು ಏನು? ಹಳೆ ಸೀರೆಯಲ್ಲಿ ಸುತ್ತುವುದು, ಮಗ್ಗುಲಲ್ಲೇ ಮಲಗಿಸಿಕೊಳ್ಳುವುದು, ಚೀಪಲಾರದ ಕೂಸಿಗೆ ಎದೆಹಾಲು ಹಿಂಡಿ ಒಳಲೆಯಲ್ಲಿ ತೊಟ್ಟುತೊಟ್ಟಾಗಿ ಬಿಡುವುದು. ತಾಯಿಗೆ ಹಾಲು ಬಾರದಿದ್ದರೆ ಪಕ್ಕದ ಮನೆಯ ಬಾಣಂತಿ ಎದೆ ಕೊಡುವುದು. ಇದು ಆಸ್ಪತ್ರೆ ಇಲ್ಲದ ಕಾಲದ ಒತ್ತಾಸೆ. ಇದಕ್ಕೆ ಯಾರೂ ಹೆಸರಿಡಲಿಲ್ಲ, ಸಂಬಳವನ್ನಂತೂ ಕೊಡಲಿಲ್ಲ.

ಹಾಗೆಂದು ಹಳೆಯದನ್ನೆಲ್ಲ ಹೊಗಳುವ ಚಟ ನಮಗೆ ಬೇಡ. ಹೊಕ್ಕುಳಿಗೆ ಬೂದಿ ಹಾಕಿದ್ದು, ಮೊದಲ ದಿನದ ಹಳದಿ ಹಾಲನ್ನು ಕೆಟ್ಟದೆಂದು ಚೆಲ್ಲಿದ್ದು, ಒಣಗಿದ ಕಡ್ಡಿಯಂಥ ಕೂಸಿಗೂ ಹುಟ್ಟಿದ ದಿನವೇ ನೀರು ಹಾಕಿದ್ದು, ಇವು ಕೂಸುಗಳನ್ನು ಕೊಂದಿವೆ. ಏಳು ತಿಂಗಳಿಗೆ ಹುಟ್ಟಿದ ಕೂಸು ಉಳೀತದೆ, ಎಂಟು ತಿಂಗಳದ್ದು ಉಳಿಯಲ್ಲ ಎಂಬ ಮಾತು ಇವತ್ತಿಗೂ ಇದೆ. ಇದು ನಮ್ಮದೇ ಮೂಢನಂಬಿಕೆ ಅಲ್ಲ, ಹಳೆಯ ಗ್ರೀಕರೂ ಹೀಗೇ ನಂಬಿದ್ದರು. ನಿಜ ಇದರ ಉಲ್ಟಾ. ಗರ್ಭದಲ್ಲಿ ಒಂದೊಂದು ವಾರ ಹೆಚ್ಚು ಇದ್ದಷ್ಟೂ ಕೂಸಿನ ಉಸಿರು ಗಟ್ಟಿ. ಎಂಟು ತಿಂಗಳ ಕೂಸನ್ನು 'ಅದು ಹೋಗೋ ಕೂಸು' ಎಂದು ಕೈಬಿಟ್ಟರೆ ಅದು ಹೋಗುವುದು ನಕ್ಷತ್ರದಿಂದಲ್ಲ, ಕೈಬಿಟ್ಟಿದ್ದರಿಂದ.

2

ಇನ್ನು ಆಸ್ಪತ್ರೆಯ ಕಥೆ. 1880ರ ಸುಮಾರಿಗೆ ಪ್ಯಾರಿಸ್ಸಿನ ತಾರ್ನಿಯೇ ಎಂಬ ಹೆರಿಗೆ ವೈದ್ಯ ಕೋಳಿಮೊಟ್ಟೆ ಮರಿ ಮಾಡುವ ಪೆಟ್ಟಿಗೆ ನೋಡಿ, ಅಂಥದ್ದನ್ನೇ ಕೂಸುಗಳಿಗೆ ಮಾಡಿಸಿದ. ಕಾವು ಸಿಕ್ಕಿದ ಕೂಸುಗಳು ಉಳಿದವು. ಅವನ ಶಿಷ್ಯ ಬುದಾಂ ತಾಯಿಯನ್ನು ಕೂಸಿನಿಂದ ದೂರ ಇಡಬೇಡಿ ಎಂದು ಬರೆದ. ಆದರೆ ಪೆಟ್ಟಿಗೆ ಅಮೆರಿಕಕ್ಕೆ ಹೋದಾಗ ತಾಯಿ ಹೊರಗೆ ಉಳಿದಳು. ನ್ಯೂಯಾರ್ಕಿನ ಕೋನಿ ಐಲೆಂಡ್ ಎಂಬ ಜಾತ್ರೆ ಮೈದಾನದಲ್ಲಿ ಮಾರ್ಟಿನ್ ಕೂನಿ ಎಂಬಾತ 1903ರಿಂದ 1943ರವರೆಗೆ ಪೆಟ್ಟಿಗೆಯೊಳಗಿನ ಕೂಸುಗಳನ್ನು ಟಿಕೇಟು ಇಟ್ಟು ತೋರಿಸಿದ. ತಂದೆತಾಯಿಗಳಿಂದ ಅವನು ಕಾಸು ತೆಗೆದುಕೊಳ್ಳಲಿಲ್ಲ, ಸಾವಿರಾರು ಕೂಸುಗಳನ್ನು ಉಳಿಸಿದ. ಆಸ್ಪತ್ರೆಗಳು ಅಂಥ ಕೂಸುಗಳನ್ನು ಕೈಬಿಟ್ಟಿದ್ದ ಕಾಲ ಅದು. ಬಡವರ ಕೂಸು ಬದುಕಬೇಕಾದರೆ ಜಾತ್ರೆಯ ಆಟವಾಗಬೇಕಾಯಿತು.

ಆಮೇಲೆ ಪೆಟ್ಟಿಗೆ ದೊಡ್ಡ ಆಸ್ಪತ್ರೆ ಸೇರಿತು. ಗಾಜಿನ ಒಳಗೆ ಕೂಸು, ಗಾಜಿನ ಹೊರಗೆ ತಾಯಿ. ಮುಟ್ಟಬೇಡಮ್ಮ, ಸೋಂಕು ಬರುತ್ತೆ. ನಮ್ಮ ಜನಕ್ಕೆ 'ಮುಟ್ಟಬೇಡ' ಹೊಸ ಮಾತಲ್ಲ. ದೇವಸ್ಥಾನದಲ್ಲಿ, ಬಾವಿಯ ಹತ್ತಿರ, ಹೋಟೆಲಿನಲ್ಲಿ ಕೇಳಿದ್ದು ಈಗ ಹೆತ್ತ ಕೂಸಿನ ಹತ್ತಿರವೂ ಕೇಳಿಸಿತು. ಸೋಂಕಿನ ಭಯ ಸುಳ್ಳಲ್ಲ. ಕೈ ತೊಳೆಯುವುದನ್ನು ಕಲಿಸಿ ತಾಯಿಯನ್ನು ಒಳಗೆ ಕರೆದುಕೊಳ್ಳಬಹುದಿತ್ತು. ಹೊರಗೆ ನಿಲ್ಲಿಸುವುದು ಸುಲಭವಾಯಿತು.

ಈ ಗಾಜನ್ನು ಒಡೆದದ್ದು ಶ್ರೀಮಂತ ದೇಶವಲ್ಲ. ಅದು ಒಡೆದದ್ದು 1978ರಲ್ಲಿ, ದಕ್ಷಿಣ ಅಮೆರಿಕದ ಕೊಲಂಬಿಯಾ ದೇಶದ ಬೊಗೊಟಾ ಪಟ್ಟಣದ ಬಡವರ ಹೆರಿಗೆ ಆಸ್ಪತ್ರೆಯಲ್ಲಿ. ಅಲ್ಲಿ ಪೆಟ್ಟಿಗೆ ಸಾಲದು, ಒಂದೇ ಪೆಟ್ಟಿಗೆಯಲ್ಲಿ ಒಂದಕ್ಕಿಂತ ಹೆಚ್ಚು ಕೂಸು, ಒಂದರ ಸೋಂಕು ಇನ್ನೊಂದಕ್ಕೆ. ತಿಂಗಳುಗಟ್ಟಲೆ ಕೂಸಿನಿಂದ ದೂರ ಇದ್ದ ತಾಯಂದಿರಲ್ಲಿ ಕೆಲವರು ಕೂಸನ್ನು ಬಿಟ್ಟೇ ಹೋಗುತ್ತಿದ್ದರು. ಎಡ್ಗರ್ ರೇ ಎಂಬ ವೈದ್ಯ, ಮರುವರ್ಷ ಜೊತೆಯಾದ ಹೆಕ್ಟರ್ ಮಾರ್ಟಿನೆಜ್, ಕೂಸನ್ನು ತಾಯಿಯ ಬರಿಎದೆಗೆ ಕಟ್ಟಿ ಮನೆಗೆ ಕಳಿಸುವ ದಾರಿ ಹುಡುಕಿದರು. ಕಾಂಗರೂ ತನ್ನ ಮರಿಯನ್ನು ಚೀಲದಲ್ಲಿ ಇಟ್ಟುಕೊಳ್ಳುವ ಹಾಗೆ. ಅದಕ್ಕೇ ಕಾಂಗರೂ ಆರೈಕೆ ಎಂಬ ಹೆಸರು. ಮನೆಗೆ ಕಳಿಸಿ ಕೈತೊಳೆದುಕೊಳ್ಳಲಿಲ್ಲ. ಮತ್ತೆ ಮತ್ತೆ ಕರೆಸಿ ನೋಡಿದರು. ಹಾಗೆ ಬಂದ ತಾಯಂದಿರು ಕೂಸನ್ನು ಎದೆಗೆ ಕಟ್ಟಿಕೊಂಡು ಒಂದೇ ಕೋಣೆಯಲ್ಲಿ ಒಟ್ಟಿಗೆ ಕೂತರು, ಒಬ್ಬಳದ್ದನ್ನು ನೋಡಿ ಇನ್ನೊಬ್ಬಳು ಕಲಿತಳು. ಬಡತನದಲ್ಲಿ ಹುಟ್ಟಿದ ಈ ವಿದ್ಯೆಯನ್ನು ದೊಡ್ಡ ದೇಶಗಳು ಮೊದಲು 'ಬಡವರ ಪೆಟ್ಟಿಗೆ' ಎಂದು ಅಣಕಿಸಿದವು, ಆಮೇಲೆ ಕಲಿತುಕೊಂಡವು. 2021ರಲ್ಲಿ, ದೆಹಲಿಯ ಸಫ್ದರ್‌ಜಂಗ್ ಆಸ್ಪತ್ರೆಯೂ ಸೇರಿದ್ದ ಐದು ದೇಶಗಳ ಒಂದು ಅಧ್ಯಯನ ಹೊರಬಂತು. ಹುಟ್ಟಿದ ಕೂಡಲೇ ಎದೆಗೆ ಹಾಕಿಕೊಂಡ ಸಣ್ಣ ಕೂಸುಗಳಲ್ಲಿ ತಿಂಗಳೊಳಗಿನ ಸಾವು ನೂರಕ್ಕೆ 12. ಮೊದಲು ಬೇರೆ ಇಟ್ಟು ಆಮೇಲೆ ಎದೆಗೆ ಕೊಟ್ಟವುಗಳಲ್ಲಿ ನೂರಕ್ಕೆ 15.7. ಮುಟ್ಟಿದ್ದೇ ಔಷಧಿಯಾಯಿತು.

3

ಆಸ್ಪತ್ರೆಯ ಬಾಗಿಲಾಚೆಗಿನ ಕಥೆಗೆ ನಮ್ಮ ದೇಶದಲ್ಲೇ ಎರಡು ದೊಡ್ಡ ಸಾಕ್ಷಿಗಳಿವೆ. ಎರಡೂ ಆದಿವಾಸಿಗಳ, ಬಡವರ ಊರುಗಳವು.

ಮಹಾರಾಷ್ಟ್ರದ ಗಡಚಿರೋಲಿಯಲ್ಲಿ ವೈದ್ಯ ದಂಪತಿ ಅಭಯ್ ಬಂಗ್, ರಾಣಿ ಬಂಗ್ 39 ಹಳ್ಳಿಗಳಲ್ಲಿ ಅಲ್ಲಿಯದೇ ಹೆಂಗಸರಿಗೆ ಕೂಸಿನ ಆರೈಕೆ ಕಲಿಸಿದರು. ತೂಕ ನೋಡುವುದು, ಬೆಚ್ಚಗಿಡುವುದು, ಹಾಲೂಡಿಸುವುದು, ಸೋಂಕು ಗುರುತಿಸಿ ಮದ್ದು ಕೊಡುವುದು. ಮೂರನೇ ವರ್ಷಕ್ಕೆ ತಿಂಗಳೊಳಗಿನ ಕೂಸುಗಳ ಸಾವು ಪಕ್ಕದ ಹಳ್ಳಿಗಳಿಗೆ ಹೋಲಿಸಿದರೆ ನೂರಕ್ಕೆ 62ರಷ್ಟು ಇಳಿದಿತ್ತು. 1999ರಲ್ಲಿ ಇದು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಅಚ್ಚಾಯಿತು. 2011ರಲ್ಲಿ ಕೇಂದ್ರ ಸರ್ಕಾರ ಇದೇ ದಾರಿಯಲ್ಲಿ ಆಶಾ ಕಾರ್ಯಕರ್ತೆಯರ ಮನೆಭೇಟಿ ಯೋಜನೆ ತಂದಿತು. ಆಸ್ಪತ್ರೆಯಲ್ಲಿ ಹೆರಿಗೆಯಾದರೆ ಆರು ಭೇಟಿ. 3, 7, 14, 21, 28, 42ನೇ ದಿನ.

ಇನ್ನೊಂದು ಜಾರ್ಖಂಡ್ ಒಡಿಶಾಗಳದ್ದು. ಅಲ್ಲಿ ಏಕಜುಟ್ ಎಂಬ ಸಂಸ್ಥೆ ವೈದ್ಯರನ್ನು ಕಳಿಸಲಿಲ್ಲ, ಮದ್ದು ಹಂಚಲಿಲ್ಲ. ಊರಿನದೇ ಒಬ್ಬ ಹೆಂಗಸು ತಿಂಗಳಿಗೊಮ್ಮೆ ಹೆಂಗಸರನ್ನು ಕೂರಿಸಿದಳು. ಕಥೆ ಹೇಳಿ, ಚಿತ್ರ ತೋರಿಸಿ, ನಮ್ಮೂರಲ್ಲಿ ಕೂಸುಗಳು ಯಾಕೆ ಸಾಯುತ್ತವೆ ಎಂದು ಅವರನ್ನೇ ಕೇಳಿದಳು. ಅವರೇ ಕಾರಣ ಹುಡುಕಿದರು, ಅವರೇ ದಾರಿ ಕಟ್ಟಿದರು. ಎರಡು ಮೂರನೇ ವರ್ಷಗಳಲ್ಲಿ ತಿಂಗಳೊಳಗಿನ ಕೂಸುಗಳ ಸಾವು ನೂರಕ್ಕೆ 45ರಷ್ಟು ಕಡಿಮೆ ಎಂದು 2010ರಲ್ಲಿ ಪ್ರಕಟವಾಯಿತು. ಹೆಂಗಸರು ಒಂದೆಡೆ ಕೂತು ಮಾತಾಡಿದ್ದಕ್ಕೆ ಇಷ್ಟು! ನಾವು ಸಂಘಟನೆಯವರು ಇದನ್ನು ಎರಡು ಸಲ ಓದಿಕೊಳ್ಳಬೇಕು. ಸಂಘಟನೆ ಎಂಬುದು ಧರಣಿಗೆ, ಮೆರವಣಿಗೆಗೆ ಮಾತ್ರ ಎಂದು ತಿಳಿದವರು ಇನ್ನೂ ಹೆಚ್ಚು ಓದಿಕೊಳ್ಳಬೇಕು.

ನಮ್ಮ ಕರ್ನಾಟಕದಲ್ಲೂ ಕೆಲಸ ನಡೆದಿದೆ. ಕೊಪ್ಪಳ ಜಿಲ್ಲೆಯಲ್ಲಿ ಸರ್ಕಾರದ ಜೊತೆ ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆ ಕಾಂಗರೂ ಆರೈಕೆಯನ್ನು ಇಡೀ ಜಿಲ್ಲೆಗೆ ಹರಡಲು ನೋಡಿತು. ದುಡಿಯುವ ಜನರೇ ಹೆಚ್ಚಿರುವ ಹಿಂದುಳಿದ ಜಿಲ್ಲೆಯಲ್ಲೂ ಇದು ಆಗುತ್ತದೆ ಎಂದು ಅದು ತೋರಿಸಿಕೊಟ್ಟಿತು. 2022ರ ನವೆಂಬರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೊಸ ಸೂಚನೆ ಕೊಟ್ಟಿತು. ದಿನ ತುಂಬದ ಕೂಸಿನ ಮನೆಯವರಿಗೆ ಆಸ್ಪತ್ರೆಯಲ್ಲಿ ಶುರುವಾದ ಒತ್ತಾಸೆ ಮನೆಗೆ ಹೋದ ಮೇಲೂ ಮುಂದುವರಿಯಬೇಕು, ಅದರಲ್ಲಿ ಇಂಥದೇ ಪಾಡು ಪಟ್ಟವರ ಜೊತೆಯೂ ಇರಬಹುದು ಎಂದು. ನಮ್ಮ ಕೇರಿಯ ಅವ್ವಂದಿರು ಮಾಡಿಕೊಂಡು ಬಂದದ್ದು ಕಡೆಗೆ ಜಿನೀವಾದ ಕಾಗದದ ಮೇಲೆ ಬಂತು.

4

ಈಗ ನಮ್ಮ ಜಿಲ್ಲೆಗೆ ಬರೋಣ. ಚಾಮರಾಜನಗರ ಜಿಲ್ಲೆಯಾದದ್ದು 1997ರಲ್ಲಿ. ಅದಕ್ಕೂ ಮೊದಲು ಎಲ್ಲಕ್ಕೂ ಮೈಸೂರು. ಬಿಳಿಗಿರಿರಂಗನ ಬೆಟ್ಟದಲ್ಲಿ ಡಾ. ಸುದರ್ಶನ್ 1981ರಲ್ಲಿ ಕಟ್ಟಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರದ ಆಸ್ಪತ್ರೆ ಸೋಲಿಗರಿಗೆ ಹತ್ತಿರವಾಯಿತು. ಚಾಮರಾಜನಗರಕ್ಕೆ ಸರ್ಕಾರಿ ವೈದ್ಯಕೀಯ ಕಾಲೇಜು ಬಂದದ್ದು 2016ರಲ್ಲಿ. ಅಷ್ಟು ತಡವಾಗಿ. ಇಂದಿಗೂ ತೀರ ಸಣ್ಣ ಕೂಸು, ಉಸಿರಿಗೆ ಒದ್ದಾಡುವ ಕೂಸು ಎಂದರೆ ಗುಂಡ್ಲುಪೇಟೆಯ ಜನ ಸುಮಾರು 60 ಕಿಲೋಮೀಟರ್ ದೂರದ ಮೈಸೂರಿನ ದಾರಿ ನೋಡುತ್ತಾರೆ.

ಅಲ್ಲಿ ಕೂಸು ಉಳಿಯಿತು ಎನ್ನಿ. ಒಂದು ದಿನ ಡಿಸ್ಚಾರ್ಜ್ ಚೀಟಿ ಕೈಗೆ ಬರುತ್ತದೆ. ಚೀಟಿಯ ತುಂಬ ಇಂಗ್ಲಿಷು. ತಾಯಿ ಕೂಲಿಯವಳು; ಅರಿಶಿನದ ಹೊಲದವಳು, ಚೆಂಡುಹೂವಿನ ಹೊಲದವಳು, ಕರಿಕಲ್ಲು ಕ್ವಾರಿಯವನ ಹೆಂಡತಿ, ಶುಂಠಿ ಕೀಳಲು ವಯನಾಡಿಗೆ ಹೋಗಿ ಬರುವವಳು. ಗಾಜಿನ ಪೆಟ್ಟಿಗೆ, ನರ್ಸಮ್ಮ, ಮಿಷಿನ್ನು ಎಲ್ಲ ಮೈಸೂರಲ್ಲೇ ಉಳಿದವು. ಒಂದೂಮುಕ್ಕಾಲು ಕೇಜಿ ಕೂಸು, ಅವಳು, ಒಂದು ಬಸ್ಸು. ಮನೆ ಸೇರಿದರೆ ಸೂರಿನ ಸಂದಿಯಿಂದ ಗಾಳಿ. ನೋಡಲು ಬಂದವರೆಲ್ಲ ಒಂದೊಂದು ಮಾತು: 'ಇದೇನವ್ವ ಹಿಂಗದೆ', 'ಯಾವ ಗ್ರಾಚಾರವೋ', 'ನೀ ಏನ್ ತಿಂದಿದ್ದೆ'. ಇಲ್ಲಿಂದ ಶುರುವಾಗುತ್ತದೆ ಯಾವ ಕಡತಕ್ಕೂ ಬಾರದ ಕಾಲ.

ಈ ಹೊತ್ತಿಗೆ ಅವಳಿಗೆ ಬೇಕಾದ್ದು ಉಪದೇಶವಲ್ಲ. ಇಂಥದೇ ಕೂಸನ್ನು ಸಾಕಿ ಗೆದ್ದ ಇನ್ನೊಬ್ಬ ಹೆಂಗಸು ಬಂದು ಪಕ್ಕ ಕೂರಬೇಕು. 'ಹೆದ್ರಬ್ಯಾಡ ಕನ ಮೊಗಾ. ನನ್ ಮಗನೂ ಹಿಂಗೇ ಇದ್ದ, ಈಗ ಇಸ್ಕೂಲ್ಗ ಹೋಯ್ತನ. ಎದಗ ಹಾಕ್ಕ, ಮ್ಯಾಲ ಸೀರ ಸುತ್ಕ' ಎನ್ನಬೇಕು. ಡಾಕ್ಟರು ನೂರು ಸಲ ಹೇಳಿದರೂ ಆಗದ ಧೈರ್ಯ ಈ ಒಂದು ಮಾತಿಗೆ ಬರುತ್ತದೆ. ಯಾಕೆಂದರೆ ಹೇಳುವವಳ ಮಗ ಅಲ್ಲೇ ಬೀದಿಯಲ್ಲಿ ಗೋಲಿ ಆಡುತ್ತಿರುತ್ತಾನೆ.

ಅವಳು ಹೇಳಬೇಕಾದ್ದನ್ನು ನಮ್ಮ ಮೇಷ್ಟ್ರುಗಳು, ವಿದ್ಯಾರ್ಥಿಗಳು ಕೂಡ ತಿಳಿದಿರಬೇಕು. ಕೂಸಿಗೆ ಟೋಪಿ, ಕಾಲುಚೀಲ, ಲಂಗೋಟಿ ಬಿಟ್ಟರೆ ಬೇರೆ ಬಟ್ಟೆ ಬೇಡ. ಬರಿಮೈಯನ್ನು ಬರಿಎದೆಗೆ ಹಾಕಿ ಮೇಲೆ ಬಟ್ಟೆ ಸುತ್ತಬೇಕು. ತಾಯಿ ದಣಿದಾಗ ಅಪ್ಪ ಹಾಕಿಕೊಳ್ಳಲಿ, ಅಜ್ಜಿ ಹಾಕಿಕೊಳ್ಳಲಿ. ಗಂಡಸಿನ ಎದೆಯೂ ಕಾವು ಕೊಡುತ್ತದೆ. ಮೀಸೆಗೆ ಏನೂ ಆಗುವುದಿಲ್ಲ. ಎರಡು ಗಂಟೆಗೊಮ್ಮೆ, ರಾತ್ರಿಯೂ, ಎದೆಹಾಲು. ಚೀಪಲಾರದಿದ್ದರೆ ಹಿಂಡಿ, ಕುದಿಸಿ ತೊಳೆದ ಒಳಲೆಯಲ್ಲಿ ಕೊಡಬೇಕು. ಹಸುವಿನ ಹಾಲು, ಸಕ್ಕರೆ ನೀರು, ಜೇನು ಬೇಡ. ತೂಕ ಕೂಡುವವರೆಗೆ ನೀರು ಹಾಕುವುದು ಬೇಡ, ಒರೆಸಿದರೆ ಸಾಕು. ಮುಟ್ಟುವವರು ಸೋಪು ಹಾಕಿ ಕೈ ತೊಳೆಯಲಿ. ಹಾಲು ಬಿಟ್ಟರೆ, ಪಾದ ತಣ್ಣಗಾದರೆ, ಮೈ ಸುಟ್ಟರೆ, ಉಸಿರಾಡುವಾಗ ಪಕ್ಕೆ ಒಳಕ್ಕೆ ಹೋದರೆ, ಅಂಗಾಲು ಹಳದಿಯಾದರೆ ಬೆಳಗಾಗಲಿ ಎಂದು ಕಾಯಬಾರದು. ಇನ್ನೊಂದು: ಎರಡು ತಿಂಗಳು ಮುಂಚೆ ಹುಟ್ಟಿದ ಕೂಸು ತಡವಾಗಿ ನಕ್ಕರೆ, ತಡವಾಗಿ ಕೂತರೆ ಅದನ್ನು ದಡ್ಡ ಎನ್ನಬೇಡಿ. ದಿನ ತುಂಬಬೇಕಿದ್ದ ದಿನದಿಂದ ಅದರ ತಿಂಗಳು ಎಣಿಸಿ.

ಕಣ್ಣಿನ ಮಾತು ಬೇರೆಯೇ ಇದೆ. ಬೇಗ ಹುಟ್ಟಿದ ಕೂಸಿನ ಕಣ್ಣಿನ ಒಳಪರದೆಯಲ್ಲಿ ರಕ್ತನಾಳಗಳು ಅಡ್ಡಾದಿಡ್ಡಿ ಬೆಳೆದು ಕಣ್ಣು ಹೋಗಬಹುದು. ಹೊರಗಿನಿಂದ ಏನೂ ಕಾಣುವುದಿಲ್ಲ. 34 ವಾರಕ್ಕೆ ಮೊದಲು ಹುಟ್ಟಿದ, ಇಲ್ಲವೇ ಎರಡು ಕೇಜಿಗಿಂತ ಕಡಿಮೆ ಇದ್ದ ಕೂಸಿಗೆ ಹುಟ್ಟಿದ 30 ದಿನದೊಳಗೆ ಕಣ್ಣಿನ ತಪಾಸಣೆ ಆಗಲೇಬೇಕು. ತಡವಾದರೆ ಲೇಸರ್ ಕೂಡ ಕೆಲಸ ಮಾಡದು. ಬೆಂಗಳೂರಿನ ನಾರಾಯಣ ನೇತ್ರಾಲಯ 2008ರಲ್ಲಿ ಕಿಡ್‌ರಾಪ್ ಎಂಬ ಕೆಲಸ ಶುರುಮಾಡಿ, ತಂತ್ರಜ್ಞರು ಕ್ಯಾಮೆರಾ ಹೊತ್ತು ಜಿಲ್ಲೆಗಳ ಆಸ್ಪತ್ರೆಗೇ ಹೋಗುವ ಹಾಗೆ ಮಾಡಿತು. ಆದರೆ ಕ್ಯಾಮೆರಾ ಬಂದ ದಿನ ಕೂಸು ಬರಬೇಕಲ್ಲ? ಬಸ್ ಚಾರ್ಜು, ಒಂದು ದಿನದ ಇಬ್ಬರ ಕೂಲಿ, ಹೆತ್ತು ತಿಂಗಳಾಗದ ಮೈ. 'ಕೂಸು ಚೆನ್ನಾಗೇ ಅದಲ್ಲ, ಮುಂದಿನ ತಿಂಗ್ಳು ಹೋಗದು' ಎಂದರೆ ಆ ಒಂದು ತಿಂಗಳ ಬೆಲೆ ಎರಡು ಕಣ್ಣು. ಇಂಥ ಕಡೆ ಜೊತೆಗೊಬ್ಬಳು ಅಕ್ಕ ಬಂದು ಬಸ್ಸು ಹತ್ತಿಸಿದರೆ ಒಂದು ಜೀವಮಾನದ ಕತ್ತಲೆ ತಪ್ಪುತ್ತದೆ.

5

ಇಷ್ಟೆಲ್ಲ ಗೊತ್ತಿದ್ದರೂ ಯಾಕೆ ಆಗುತ್ತಿಲ್ಲ? ಇಲ್ಲಿ ಜಾತಿಯ ಹೆಸರು ಹೇಳದೆ ದಾಟಲು ಸಾಧ್ಯವಿಲ್ಲ. 2022ರ ನವೆಂಬರಿನಲ್ಲಿ ಇದೇ ಚಾಮರಾಜನಗರ ತಾಲೂಕಿನ ಹೆಗ್ಗೋಠಾರದಲ್ಲಿ, ಮದುವೆಗೆ ಬಂದ ದಲಿತ ಹೆಂಗಸೊಬ್ಬಳು ಬೀದಿಯ ತೊಂಬೆಯ ನೀರು ಕುಡಿದಳೆಂದು ನೀರು ಖಾಲಿ ಮಾಡಿ ಗೋಮೂತ್ರದಿಂದ ತೊಳೆದರು. ನಲ್ಲಿ ಮುಟ್ಟಿದ ಕೈಗೇ ಹೀಗಾದರೆ, ಆ ಕೈಯಲ್ಲಿರುವ ಕೂಸನ್ನು ತೂಗಲು ಯಾರು ಒಳಗೆ ಬರುತ್ತಾರೆ? ಗುಜರಾತ್ ರಾಜಸ್ಥಾನಗಳ ಹಳ್ಳಿಗಳ ದಲಿತ ಮಕ್ಕಳ ಬಗ್ಗೆ 2010ರಲ್ಲಿ ಬಂದ ಸಂಘಮಿತ್ರಾ ಆಚಾರ್ಯರ ಅಧ್ಯಯನ ಇದನ್ನೇ ಹೇಳಿತು. ಮದ್ದು ಕೊಡುವಾಗ, ಮೈ ನೋಡುವಾಗ ಮುಟ್ಟದೆ ಇರುವುದು ನಡೆದೇ ಇದೆ. ಆರೈಕೆ ಎಂದರೆ ಮುಟ್ಟುವುದು. ಮುಟ್ಟದವನು ಆರೈಕೆ ಮಾಡಲಾರ.

ಮೈಲಿಗೆ ಮೇಲಿನಿಂದ ಕೆಳಕ್ಕೆ ಮಾತ್ರ ಇಲ್ಲ, ನಮ್ಮ ನಮ್ಮ ಹಟ್ಟಿಗಳ ಒಳಗೂ ಹೊಕ್ಕಿದೆ. 2023ರ ಜುಲೈನಲ್ಲಿ ತುಮಕೂರು ತಾಲೂಕಿನ ಮಲ್ಲೇನಹಳ್ಳಿ ಗೊಲ್ಲರಹಟ್ಟಿಯಲ್ಲಿ ಸೂತಕದ ಹೆಸರಿನಲ್ಲಿ ಬಾಣಂತಿಯನ್ನೂ ಕೂಸನ್ನೂ ಊರಾಚೆಯ ಗುಡಿಸಲಲ್ಲಿಟ್ಟರು. ಅವಳಿಯಲ್ಲಿ ಒಂದು ಮೊದಲೇ ಹೋಗಿತ್ತು. ಆಸ್ಪತ್ರೆಯಿಂದ ಬಂದಿದ್ದ ಇನ್ನೊಂದು ಮಳೆ ಚಳಿಗೆ ಸಿಕ್ಕಿ ಸತ್ತುಹೋಯಿತು. ಆಸ್ಪತ್ರೆ ಉಳಿಸಿದ್ದನ್ನು ಸಂಪ್ರದಾಯ ಕೊಂದಿತು. ಆ ತಾಯಿಯನ್ನು ಬೈಯುವುದು ಸುಲಭ. ಅವಳ ಪಕ್ಕ ನಿಂತು 'ಈ ಮಳೇಲಿ ಬಾಣಂತಿ ಹೊರಗಿರಲ್ಲ, ನಮ್ಮನೇಲಿರ್ತಾಳೆ' ಎನ್ನುವ ನಾಲ್ಕು ಹೆಂಗಸರನ್ನು ಕಟ್ಟುವುದು ಕಷ್ಟ. ನಮ್ಮ ಕೆಲಸ ಆ ಕಷ್ಟದ್ದು.

ಆಶಾಗಳ ಮಾತನ್ನೂ ಆಡಬೇಕು. 2011ರ ಯೋಜನೆ ಅಷ್ಟೂ ಭೇಟಿಗೆ ಸೇರಿಸಿ ನಿಗದಿ ಮಾಡಿದ್ದು 250 ರೂಪಾಯಿ. ಸಂಬಳವಲ್ಲ, ಪ್ರೋತ್ಸಾಹಧನ. ಅವಳೂ ಬಡವಿ, ಅನೇಕ ಕಡೆ ನಮ್ಮವಳೇ. 2020ರಲ್ಲಿ, 2025ರ ಜನವರಿಯಲ್ಲಿ ಆಶಾಗಳು ಬೆಂಗಳೂರಿನ ಫ್ರೀಡಂ ಪಾರ್ಕಿನ ನೆಲದ ಮೇಲೆ ಕೂತದ್ದನ್ನು ನಾಡು ನೋಡಿದೆ. ನೆರೆಯವರ ಒತ್ತಾಸೆ ಎಂದು ನಾವು ಹೇಳಿದ ಕೂಡಲೇ ಸರ್ಕಾರ 'ಒಳ್ಳೇದಾಯ್ತು, ನೀವೇ ನೋಡ್ಕೊಳಿ' ಎಂದು ಕೈಕಟ್ಟಿ ಕೂರಬಾರದು. ಕೇರಿಯ ಹೆಂಗಸರ ಪ್ರೀತಿ ವೈದ್ಯನ ಬದಲಿ ಅಲ್ಲ, ಆಕ್ಸಿಜನ್ನಿನ ಬದಲಿ ಅಲ್ಲ. ಸಂಘಟಿತ ಕೆಲಸದ ಹೆಣ್ಣಿಗೆ 2017ರಲ್ಲಿ 26 ವಾರದ ಸಂಬಳದ ರಜೆ ಆಯಿತು. ಕಳೆ ಕೀಳುವವಳಿಗೆ ಆ ರಜೆ ಕೊಡುವವರು ಯಾರು? ರಜೆ ಇಲ್ಲದೆ ಕಾಂಗರೂ ಆರೈಕೆ ಎಂದರೆ ಹಸಿದವಳಿಗೆ ಊಟದ ಚಿತ್ರ ತೋರಿಸಿದ ಹಾಗೆ.

ಬಾಬಾಸಾಹೇಬರು ಇದನ್ನು ಬಹಳ ಹಿಂದೆಯೇ ಕಂಡಿದ್ದರು. 1928ರಲ್ಲಿ ಬೊಂಬಾಯಿ ಶಾಸನಸಭೆಯಲ್ಲಿ ಕಾರ್ಖಾನೆಯ ಹೆಂಗಸರ ಹೆರಿಗೆ ಭತ್ಯೆಯ ಮಸೂದೆಯ ಪರ ನಿಂತು ವಾದಿಸಿದರು. ಹೆರುವವಳ ವಿಶ್ರಾಂತಿ ದೇಶಕ್ಕೆ ಬೇಕಾದದ್ದು ಎಂಬುದು ಅವರ ವಾದದ ತಿರುಳು. ಅದು ಪುಸ್ತಕದಿಂದ ಮಾತ್ರ ಬಂದ ವಾದ ಅಲ್ಲ. ರಮಾಬಾಯಿಯವರು ಹೆತ್ತ ಐದು ಮಕ್ಕಳಲ್ಲಿ ಉಳಿದದ್ದು ಯಶವಂತ ಒಬ್ಬರೇ. ನಾಲ್ಕು ಮಕ್ಕಳು ಎಳವೆಯಲ್ಲೇ ಹೋದವು. ಕೊನೆಯ ಮಗ ರಾಜರತ್ನ 1926ರಲ್ಲಿ ತೀರಿಕೊಂಡ. ಬಾಬಾಸಾಹೇಬರ ಜಯಂತಿಯಲ್ಲಿ ನಾವು ಸಂವಿಧಾನದ ಮಾತಾಡುತ್ತೇವೆ. ರಮಾಬಾಯಿಯವರ ಖಾಲಿ ಮಡಿಲಿನ ಮಾತನ್ನೂ ಆಡಬೇಕು.

ಹಾಗಾದರೆ ಮಾಡಬೇಕಾದ್ದೇನು? ಒಂದೊಂದು ಪಂಚಾಯಿತಿಯಲ್ಲಿ, ದಿನ ತುಂಬದ ಕೂಸನ್ನು ಸಾಕಿದ ಅವ್ವಂದಿರು ಯಾರು ಎಂದು ಆಶಾ, ಅಂಗನವಾಡಿಯವರ ಜೊತೆ ಕೂತು ಗುರುತಿಸೋಣ. ಡಿಸ್ಚಾರ್ಜ್ ಆಗಿ ಬಂದ ಪ್ರತಿ ತಾಯಿಗೆ, ಅವಳು ಒಪ್ಪಿದರೆ, ಅಂಥ ಒಬ್ಬಳು ಜೊತೆಯಾಗಲಿ. ತಿಂಗಳಿಗೊಮ್ಮೆ ಕೂರುವ ಕೂಟ ಇರಲಿ. ಕೇರಿಯವರು ಊರಿನವರು ಒಂದೇ ಚಾಪೆಯ ಮೇಲೆ ಕೂರಲಿ, ಕೂಸುಗಳನ್ನು ಒಂದೇ ತಕ್ಕಡಿಯಲ್ಲಿ ತೂಗಲಿ. ಗಂಡಸರನ್ನೂ ಕರೆಯಲಿ. ಕೂಸು ಕಳೆದುಕೊಂಡವಳನ್ನು ಕೂಟದಿಂದ ದೂರ ಇಡದಿರಲಿ. ಅವಳಿಗೂ ಜೊತೆ ಬೇಕು, ಎಲ್ಲರಿಗಿಂತ ಹೆಚ್ಚು ಬೇಕು. ಡಿಸ್ಚಾರ್ಜ್ ಚೀಟಿ ಕನ್ನಡದಲ್ಲಿ ಬರಲಿ ಎಂದು, ಕಣ್ಣು ತಪಾಸಣೆಯ ದಿನದ ಬಸ್ ಚಾರ್ಜೂ ಕೂಲಿಯೂ ಸರ್ಕಾರ ಕೊಡಲಿ ಎಂದು, ಜೊತೆ ಹೋಗುವ ಅವ್ವನಿಗೂ ದಿನಗೂಲಿ ಸಿಗಲಿ ಎಂದು ತಾಲೂಕು ಕಚೇರಿಯ ಮುಂದೆ ಕೇಳೋಣ. ಮೇಷ್ಟ್ರುಗಳು ಆ ಚೀಟಿ ಓದಿ ಹೇಳಲಿ. ವಿದ್ಯಾರ್ಥಿಗಳು ತಮ್ಮ ತಮ್ಮ ಊರಿನಲ್ಲಿ ಹುಟ್ಟಿದ ಕೂಸುಗಳು, ಉಳಿದ ಕೂಸುಗಳು, ಹೋದ ಕೂಸುಗಳ ಲೆಕ್ಕ ಒಂದು ನೋಟುಬುಕ್ಕಿನಲ್ಲಿ ಬರೆಯಲು ಶುರುಮಾಡಲಿ. ಲೆಕ್ಕಕ್ಕೆ ಬಾರದ ಸಾವಿಗೆ ಉತ್ತರ ಕೊಡುವವರು ಯಾರೂ ಇರುವುದಿಲ್ಲ.